ಮುಂಗೈಯ ಕೆಂಪು ಗುರುತು

ನನ್ನ ಸೂಜಿಯ ಬಗ್ಗೆ ಯಾರಾದರೂ ಸೊಲ್ಲೆತ್ತಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಮೂವತ್ತೊಂದು ವರ್ಷ ಈ ಸರೋವರದ ದಡದ ಮಕ್ಕಳಿಗೆ ಲಸಿಕೆ ಚುಚ್ಚಿದವಳು ನಾನು. ಇಲ್ಲಿನ ಯಾವ ಮಗುವಿನ ಎಡ ಮುಂಗೈ ತಿರುಗಿಸಿದರೂ ಕ್ಷಯದ ಲಸಿಕೆಯ ಗುರುತು ಕಾಣುತ್ತದೆ. ಅದು ಹುಟ್ಟಿದಾಗ ನಾನು ಹಾಕಿದ್ದು. ಹೀಗಿರುವಾಗ, ಕೊರೊನಾದ ಎರಡನೇ ವರ್ಷ, ನಿವೃತ್ತಳಾಗಿ ಅಂಗಳದಲ್ಲಿ ಚಹಾ ಕುಡಿಯುತ್ತ ಕೂತಿದ್ದವಳ ಮುಂದೆ ನ್ಯಾರಲೆಗೊ ಬಂದು ನಿಂತಳು. ಒಮೆನಾ ಮೀನು ಒಣಗಿಸಿ ಮಾರುವವಳು. ಅಲೆಗೊದಿಂದ ಮದುವೆಯಾಗಿ ಬಂದ ದಿನದಿಂದ ಊರಿಗೆಲ್ಲ ಅವಳು ಅಲೆಗೊದ ಮಗಳು, ನ್ಯಾರಲೆಗೊ.

"ಏನ್ ಸಿಸ್ಟರ್, ಆರಾಮಾಗಿ ಚಹಾ ಹೀರ್ತಿದ್ದೀಯಾ? ನೀನು ಚುಚ್ಚಿದ ಸೂಜಿ ನನ್ನ ಮೊಮ್ಮಗಳ ಕೈಯಲ್ಲಿ ಕೊಳೀತಾ ಇದೆ!"

"ಅಪೊಂಡಿಗೆ ಚುಚ್ಚಿ ಮೂರು ವರ್ಷ ಆಯ್ತಲ್ಲೇ!"

"ಅದನ್ನೇ ಹೇಳ್ತಿರೋದು. ಮೂರು ವರ್ಷ ತೆಪ್ಪಗಿದ್ದು ಈಗ ಎದ್ದಿದೆ. ಕೆಟ್ಟ ಔಷಧಿ ಹಾಕಿದ್ದೆ ಅಂತ ಒಪ್ಕೋ."

"ಎಲುಬಿಲ್ಲದ ನಾಲಿಗೆ ಅಂತ ಏನೇನೋ ಒದರಬೇಡ. ನಡಿ, ನೋಡೇಬಿಡ್ತೀನಿ."

ಸುಳ್ಳೇಕೆ ಹೇಳಲಿ, ನಾನು ಹೊರಟದ್ದು ನನ್ನ ಮಾನ ಉಳಿಸಿಕೊಳ್ಳಲು. ಮಗುವಿನ ಯೋಚನೆ ಆಮೇಲೆ ಬಂತು.

ಅಪೊಂಡಿ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಮುಂಗೈ ತಿರುಗಿಸಿದೆ. ಗುರುತು ಉಬ್ಬಿ, ಸುತ್ತ ನಾಣ್ಯದಷ್ಟಗಲ ಕೆಂಪಾಗಿತ್ತು. ಮುಟ್ಟಿದರೆ ಬಿಸಿ. ಆದರೆ ಕೀವಿಲ್ಲ. ಕೀವಿಲ್ಲದ ಮೇಲೆ ಕೊಳೆತದ್ದಲ್ಲ. ಮತ್ತೇನಿದು? ಇಷ್ಟು ಹಳೆಯ ಗುರುತು ಹೀಗೆ ಎದ್ದದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಕೋಪ ಎಲ್ಲಿ ಹೋಯಿತೋ, ಕುತೂಹಲ ಹಿಡಿದುಕೊಂಡಿತು.

"ಜ್ವರ ಎಷ್ಟು ದಿನದಿಂದ?"

"ಐದು ದಿನ. ಮಲೇರಿಯಾ. ಈ ದಡದಲ್ಲಿ ಇನ್ನೇನಿರುತ್ತೆ?"

"ರಕ್ತ ನೋಡಿದ್ರಾ?"

"ಎರಡು ಸಲ ನೋಡಿ ಏನೂ ಇಲ್ಲ ಅಂದ್ರು. ಮಾತ್ರೆ ಮಾತ್ರ ಎರಡು ಸಲವೂ ಕೊಟ್ರು."

ಕಣ್ಣು ಕೆಂಪಗಿತ್ತು, ಆದರೆ ಪಿಚ್ಚು ಕಟ್ಟಿರಲಿಲ್ಲ. "ಒಲೆ ಹೊಗೆ" ಎಂದಳು ನ್ಯಾರಲೆಗೊ. ತುಟಿ ಒಡೆದು ಕೆಂಪಾಗಿತ್ತು. "ಮೆಣಸಿನಕಾಯಿ ಕದ್ದು ತಿಂದಿದ್ದಾಳೆ ಅಂತ ಬೈದೆ." ಪಾದ ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. "ಬೆಳೀತಿದ್ದಾಳೆ ಅಂದ್ಕೊಂಡೆ." ಹೊಟ್ಟೆನೋವಿಗೆ ಜಂತುಹುಳದ ಔಷಧಿಯೂ ಆಗಿತ್ತು. ಒಂದೊಂದಕ್ಕೂ ಮನೆಯಲ್ಲೊಂದು ಕಾರಣ ಸಿದ್ಧವಿತ್ತು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ.

"ಮನೇಲಿ ಯಾರಿಗಾದ್ರೂ ಕೆಮ್ಮು ಬಂದಿತ್ತಾ?"

"ತಿಂಗಳ ಹಿಂದೆ ಎಲ್ರಿಗೂ ಬಂತು. ಇವಳು ಎರಡು ದಿನ ಸೀನಿದಳು, ಅಷ್ಟೆ. ಆಡ್ಕೊಂಡೇ ಇದ್ಲು."

ಅದು ಕೊರೊನಾವೇ ಇರಬೇಕು. ನಿವೃತ್ತಿಗೆ ಮುಂಚಿನ ಕೊನೆಯ ತರಬೇತಿಯಲ್ಲಿ ಹೇಳಿದ್ದರು: ಕೊರೊನಾ ಹೋಗಿ ಕೆಲವು ವಾರಗಳ ಮೇಲೆ ಎಲ್ಲೋ ಒಂದೊಂದು ಮಗುವಿನ ಮೈ ರೋಗದ ಜತೆಗಿನ ಜಗಳ ನಿಲ್ಲಿಸದೆ ತನ್ನನ್ನೇ ಹೊಡೆದುಕೊಳ್ಳುತ್ತದೆ, ಪೆಟ್ಟು ಹೃದಯಕ್ಕೆ ಬೀಳುತ್ತದೆ ಎಂದು. ಲಸಿಕೆಯ ಗುರುತಿನ ಮಾತನ್ನು ಮಾತ್ರ ಅಲ್ಲಿ ಯಾರೂ ಎತ್ತಿರಲಿಲ್ಲ.

"ಏಳು, ಕಿಸುಮು ಪಟ್ಟಣದ ಆಸ್ಪತ್ರೆಗೆ ಹೋಗೋಣ."

"ಅಯ್ಯೋ, ಮೀನು ಬಿಸಿಲಲ್ಲಿದೆ!"

"ಕಾಗೆ ತಿನ್ನಲಿ. ಮಗೂನ ಹೃದಯ ಕೆಟ್ರೆ ಯಾವ ಸಂತೇಲಿ ತರ್ತೀಯ?"

ದೊಡ್ಡಾಸ್ಪತ್ರೆಯ ಎಳೆ ಡಾಕ್ಟರು ಮುಂಗೈ ನೋಡಿದವರೇ ಇನ್ನಿಬ್ಬರನ್ನು ಕರೆದರು. ಯಂತ್ರವಿಟ್ಟು ನೋಡಿದಾಗ ಹೃದಯದ ರಕ್ತನಾಳ ಆಗಲೇ ಉಬ್ಬಲು ಶುರುವಾಗಿತ್ತು. ಸರಿಯಾದ ಹೊತ್ತಿಗೆ ತಂದಿರಿ ಎಂದು ಡ್ರಿಪ್ ಹಾಕಿದರು. ಮೂರನೇ ದಿನ ಜ್ವರ ಇಳಿದು ಅಪೊಂಡಿ ಗಂಜಿ ಕೇಳಿದಳು. ನನಗೆ ಖುಷಿಯಿಂದ ಅಳು ಬಂತು.

ಆದರೂ ತಡೆಯಲಾರದೆ ಡಾಕ್ಟರನ್ನು ಹಿಡಿದು ನಿಲ್ಲಿಸಿದೆ. "ಹಳೇ ಗುರುತು ಯಾಕೆ ಏಳ್ತು?"

"ಮೈಯೆಲ್ಲ ಕೆರಳಿದಾಗ, ಲಸಿಕೆಯ ನೆನಪಿರೋ ಆ ಜಾಗವೂ ಕೆರಳುತ್ತೆ ಅಂತಾರೆ. ಪೂರ್ತಿ ನಮಗೂ ಗೊತ್ತಿಲ್ಲಮ್ಮ. ಎಲ್ಲ ಮಕ್ಕಳಲ್ಲೂ ಕಾಣೋದಿಲ್ಲ. ಸೂಜಿಯ ತಪ್ಪಂತೂ ಅಲ್ಲ."

ನಾನು ಸೊಂಟಕ್ಕೆ ಕೈಯಿಟ್ಟು ನ್ಯಾರಲೆಗೊ ಕಡೆ ತಿರುಗಿದೆ. "ಕೇಳಿಸ್ತಾ?"

ಅವಳು ನಗಲಿಲ್ಲ. "ಹಾಗಾದ್ರೆ ಬಲೆ ಹೊಲಿಯೋ ಆವೂರ್ ಇದ್ದಾಳಲ್ಲ, ಅವಳ ಮಗನಿಗೂ ಇದೇನಾ?"

"ಯಾರು, ಹದಿನೈದು ದಿನದ ಹಿಂದೆ ಮಣ್ಣು ಮಾಡಿದ್ವಲ್ಲ, ಆ ಮಗುವಾ? ಮಲೇರಿಯಾ ಅಂದ್ರಲ್ಲ."

"ಅಂದ್ರು. ಅವನ ಮುಂಗೈಯೂ ಹೀಗೇ ಇತ್ತು. ಸಿಸ್ಟರ್‌ಗೆ ತೋರಿಸೇ ಅಂತ ಬಡ್ಕೊಂಡೆ. ಆ ಸಿಸ್ಟರ್ ಸೂಜಿಗೆ ಏನಾದ್ರೂ ಅಂದ್ರೆ ಬೆನ್ನಟ್ಟಿ ಬೈತಾಳೆ, ನಿನ್ನ ಥರ ಜಗಳ ಆಡೋ ಶಕ್ತಿ ನನಗಿಲ್ಲ ಅಂದ್ಲು ಆವೂರ್. ಬರಲೇ ಇಲ್ಲ."

ಊರಿಗೆ ಬಂದವಳು ನನ್ನ ಮನೆಗೆ ಹೋಗದೆ ನೇರ ಅವಳಲ್ಲಿಗೆ ನಡೆದೆ. ಆವೂರ್ ಬಾಗಿಲಲ್ಲಿ ಕೂತು ಬಲೆ ಹೊಲಿಯುತ್ತಿದ್ದಳು. ನನ್ನನ್ನು ಕಂಡು ಗಾಬರಿಯಿಂದ ಎದ್ದಳು.

"ಯಾಕೆ ಬಂದೆ ಸಿಸ್ಟರ್?"

"ಬೈಸ್ಕೊಳ್ಳೋಕೆ ಬಂದೆ ಕಣಮ್ಮ."

ಅವಳು ಬೈಯಲಿಲ್ಲ. ಬಲೆ ಬದಿಗಿಟ್ಟು, ತನ್ನ ಎಡ ಮುಂಗೈ ಮೇಲೆ ಬೆರಳಿನಿಂದ ಸುತ್ತು ಎಳೆದು, ಮಗನಿಗೆ ಎಷ್ಟು ಅಗಲ ಕೆಂಪಾಗಿತ್ತು ಎಂದು ತೋರಿಸಿದಳು.