ಪೇಟಿಯವರು

“ಮ್ಯಾಡಮ್, ಪೇಟಿಯವರನ್ನು ಚಿತ್ರದಿಂದ ತೆಗೆದುಬಿಡಿ. ಬುವಾ ಒಬ್ಬರೇ ಸಾಕು,” ಎಂದ ವಿಕಾಸ ಮರಾಠಿಯಲ್ಲಿ, ಚಹಾಕ್ಕೆ ಸಕ್ಕರೆ ಬೇಡ ಅನ್ನುವಷ್ಟು ಹಗುರಾಗಿ.

ಕೋಥರೂಡದ ಮೈದಾನದಲ್ಲಿ ಸಂಗೀತ ಮಹೋತ್ಸವದ ಮಧ್ಯಂತರ. ಜನ ವಡಾಪಾವಿಗೆ ಮುಗಿಬಿದ್ದಿದ್ದರು. ಹಿರಿಯ ಗವಾಯಿ ಬುವಾ ಹಾಡುತ್ತಿರುವಾಗಲೇ ವೇದಿಕೆಯ ಪಕ್ಕ ನಿಂತು ಅವರ ಚಿತ್ರ ಬರೆಯುವುದು ಸ್ನೇಹಲಳ ಕೆಲಸ. ಕೊನೆಗೆ ಸನ್ಮಾನದಲ್ಲಿ ಅದನ್ನೇ ಅವರಿಗೆ ಕೊಡುವುದಿತ್ತು.

ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದವನು ಅವಳ ಅಪ್ಪ ಶಿವರುದ್ರಪ್ಪ. ಭೋಸರಿಯ ಕಾರ್ಖಾನೆಯಲ್ಲಿ ಲೇಥ್ ತಿರುಗಿಸಿ ನಿವೃತ್ತನಾದವನು. ಧಾರವಾಡದಲ್ಲಿ ಕಲಿತ ವಿದ್ಯೆಯನ್ನು ಇಷ್ಟು ವರ್ಷ ಭಜನೆಗೆ, ಗಣಪತಿ ಮಂಡಪಕ್ಕೆ ಸವೆಸಿದ್ದೇ ಬಂತು. ಬುವಾರಿಗೆ ಖಾಯಂ ಪೇಟಿ ಸಾಥ್ ಕೊಡುವವನಿಗೆ ಜ್ವರ ಬಂದಾಗ ಸ್ನೇಹಲಳೇ ವ್ಯವಸ್ಥಾಪಕ ವಿಕಾಸನಿಗೆ ದುಂಬಾಲು ಬಿದ್ದು ಅಪ್ಪನನ್ನು ಮೊದಲ ಸಲ ದೊಡ್ಡ ವೇದಿಕೆಗೆ ಹತ್ತಿಸಿದ್ದಳು. ಬರೆಯುವಾಗಲೂ ಎದೆ ತುಂಬಿ ಬರೆದಿದ್ದಳು. ಸುಳ್ಳೇಕೆ ಹೇಳಬೇಕು, ಚಿತ್ರದಲ್ಲಿ ಅಪ್ಪನ ಪಕ್ಕ ಬುವಾ ಸೊರಗಿ ಕಾಣುತ್ತಿದ್ದರು.

“ಆಗೋದಿಲ್ಲ,” ಎಂದಳು ಸ್ನೇಹಲ್.

“ನಿಮ್ಮ ತಂದೆ ಅಂತ ಗೊತ್ತು. ಆದರೆ ಬುವಾ ನೋಡಿಬಿಟ್ಟಿದ್ದಾರೆ.”

“ನೋಡಲಿ. ಹೆಚ್ಚು ಮಾತಾಡಿದರೆ ಚಿತ್ರವನ್ನೇ ಕೊಡೋದಿಲ್ಲ.”

ವಿಕಾಸ ಮುಖ ಸಿಂಡರಿಸಿಕೊಂಡು ಹೋದ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಜನ್ಮಕ್ಕೊಮ್ಮೆ ಅಪ್ಪ ನಾಲ್ಕು ಜನರ ಕಣ್ಣಿಗೆ ಬಿದ್ದರೆ ಇಷ್ಟು ದೊಡ್ಡ ಗವಾಯಿಗೆ ಅದನ್ನೂ ಸಹಿಸಲಾಗದೇ! ಅಳಿಸುವುದಿಲ್ಲ ಅಂದರೆ ಇಲ್ಲ, ಏನು ಮಾಡುತ್ತಾರೋ ಮಾಡಲಿ.

ಸ್ವಲ್ಪ ಹೊತ್ತಿಗೆ ಶಿವರುದ್ರಪ್ಪನೇ ಬಂದ. ಹೊಸ ಜುಬ್ಬಾದ ಬೆನ್ನು ಬೆವರಿಗೆ ತೊಯ್ದಿತ್ತು. ಚಿತ್ರದ ಮುಂದೆ ನಿಂತು ನೋಡಿದ.

“ಭಾಳ ಛಂದ ತಗದೀಯವ್ವಾ,” ಎಂದ. ಆಮೇಲೆ, “ನನ್ನ ಅಳಿಸಿಬಿಡು.”

“ಅಪ್ಪಾ! ನಿನಗ ಮಾನ ಮರ್ಯಾದಿ ಅದನೋ ಇಲ್ಲೋ?”

“ಬುವಾ ಸಿಟ್ಟಾಗ್ಯಾರ. ನಾಶಿಕದ ಕಾರ್ಯಕ್ರಮಕ್ಕೂ ನನ್ನ ಕರಕೊಂಡ ಹೋಗ್ತೀನಿ ಅಂದಿದ್ರು. ನಿನ್ನ ಹಟಕ್ಕ ಅದೂ ಹೋಗ್ಲೇನು?”

“ಇದನ್ನ ನಾನ ಮಾಡಬೇಕೇನು?”

“ಮತ್ಯಾರು ಮಾಡ್ತಾರ? ಜನಾ ಬರೂದ್ರಾಗ ಮುಗಸು.”

ಅವಳು ಹಿಂಬದಿಯ ಪರದೆಯ ಕಡುಗೆಂಪು ಬಣ್ಣ ಕಲಸಿದಳು. ಮೊದಲು ಜುಬ್ಬಾ ಹೋಯಿತು, ಆಮೇಲೆ ಭುಜ. ಮುಖದ ಹತ್ತಿರ ಕುಂಚ ತಡೆಯಿತು. “ಹೂಂ,” ಎಂದ ಶಿವರುದ್ರಪ್ಪ ಪಕ್ಕದಿಂದ, ಮಗುವಿಗೆ ಔಷಧ ಕುಡಿಸುವವನ ಹಾಗೆ. ಮುಖವೂ ಹೋಯಿತು.

ಜನ ಖುರ್ಚಿಗಳಿಗೆ ಮರಳತೊಡಗಿದ್ದರು. ಮೈಕಿನಲ್ಲಿ ಬುವಾರ ಹೆಸರು ಕೂಗಿದರು. ಶಿವರುದ್ರಪ್ಪ ಹೊರಟವನು ನಿಂತ, ಕನ್ನಡಕ ಸರಿಮಾಡಿಕೊಂಡು ಕ್ಯಾನ್ವಾಸಿಗೆ ಬಾಗಿದ.

“ಇಲ್ಲಿ ನೋಡವಾ,” ಎಂದು ತೋರಿಸಿದ. “ನನ್ನ ಬೆರಳು ಇನ್ನೂ ಕಾಣಸ್ತಾವ.”

ಸ್ನೇಹಲ್ ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದಿದಳು.