ಮುನ್ನುಡಿಯ ಇಂಕಿಲಾಬ್

ಎಂ.ಎ. ಪ್ರಬಂಧದ ಮೌಖಿಕ ಪರೀಕ್ಷೆಯ ದಿನ ಬೆಳಿಗ್ಗೆ, ಡಮಾಸ್ಕಸ್ಸಿನ ಮಿನಿಬಸ್ಸಿನಲ್ಲಿ ಅಮ್ಮನ ಪಕ್ಕ ಕೂತು ಮುನ್ನುಡಿಯ ಮೇಲೆ ಸುಮ್ಮನೆ ಕಣ್ಣಾಡಿಸುತ್ತಿದ್ದೆ. ಆಗ ಆ ಪದ ಕಂಡಿತು.

ನಾನು ಓದುತ್ತಿದ್ದದ್ದು ತೌಲನಿಕ ಸಾಹಿತ್ಯ. ಅರಬ್ಬಿ ಮತ್ತು ಪಾರಸಿ ಕವಿತೆಗಳಲ್ಲಿ ವಸಂತ ಹೇಗೆ ಬರುತ್ತದೆ ಎಂಬುದು ನನ್ನ ವಿಷಯ. ಹೂವು, ಹಕ್ಕಿ, ತೊರೆ. ಇದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದೇ ಆರಿಸಿಕೊಂಡಿದ್ದೆ. ಆದರೆ ಈ ಎರಡು ಭಾಷೆಗಳನ್ನು ಜೊತೆಗಿಟ್ಟು ಓದುವವರಿಗೆ ಒಂದು ಕಾಟವಿದೆ: ಪದ ಒಂದೇ, ಅರ್ಥ ಬೇರೆ. ಇಂಕಿಲಾಬ್ ಎಂದರೆ ಪಾರಸಿಯಲ್ಲಿ ಕ್ರಾಂತಿ. ನಮ್ಮ ಅರಬ್ಬಿಯಲ್ಲಿ ಕ್ರಾಂತಿಗೆ ಸೌರಾ ಎನ್ನುತ್ತೇವೆ. ಇಂಕಿಲಾಬ್ ಎಂದರೆ ಸೇನಾಧಿಕಾರಿಗಳು ಬಂದೂಕು ಹಿಡಿದು ಬಂದು ಗದ್ದುಗೆ ಕಿತ್ತುಕೊಳ್ಳುವುದು. ನಮ್ಮನ್ನಾಳುವ ಪಕ್ಷ ಒಂದು ಮಾರ್ಚಿನಲ್ಲಿ ಗದ್ದುಗೆ ಹಿಡಿದದ್ದನ್ನು ಸೌರಾ ಎಂದೇ ಕರೆಯಬೇಕು. ಇನ್ನೊಂದು ಪದ ಮನೆಯೊಳಗೂ ನಾಲಿಗೆಗೆ ಬರಬಾರದು.

ಮುನ್ನುಡಿಯಲ್ಲಿ ಆ ಮಾರ್ಚಿಗೊಂದು ಸಲಾಮು ಹೊಡೆಯುವುದು ನಮ್ಮ ವಿಭಾಗದ ರೂಢಿ. ತಿಂಗಳುಗಟ್ಟಲೆ ಪಾರಸಿಯಲ್ಲಿ ಮುಳುಗಿದ್ದ ನಾನು ಹೊಡೆದ ಸಲಾಮು ಹೀಗಿತ್ತು: "ಮಾರ್ಚಿನ ಮಹಾನ್ ಇಂಕಿಲಾಬ್ ನಮ್ಮ ಸಾಹಿತ್ಯಕ್ಕೂ ವಸಂತವನ್ನು ತಂದಿತು."

ನನ್ನ ಸೋದರಮಾವ ಯಾರದೋ ಮದುವೆಯಲ್ಲಿ ಪಕ್ಷದ ಮೇಲೊಂದು ನಗೆಹನಿ ಹೇಳಿದ್ದಕ್ಕೆ ಗುಪ್ತ ಪೊಲೀಸರು ಅವನನ್ನು ಕರೆದೊಯ್ದಿದ್ದರು. ತಿರುಗಿ ಬಂದವನು ಆಮೇಲೆ ಯಾವ ಮದುವೆಗೂ ಹೋಗಲಿಲ್ಲ. ಅವನದ್ದು ಬರೀ ಬಾಯಿಮಾತು. ನನ್ನದು ರಟ್ಟು ಕಟ್ಟಿಸಿಕೊಂಡು ಪರೀಕ್ಷಕರ ಮನೆ ಸೇರಿ ತಿಂಗಳಾಗಿತ್ತು. ಅಮ್ಮ ತೊಡೆಯ ಮೇಲೆ ಹಂಚಲೆಂದು ತಂದ ಬಕ್ಲಾವ ಮಿಠಾಯಿಯ ತಟ್ಟೆ ಇಟ್ಟುಕೊಂಡು, ಯಾಕೆ ಹೀಗೆ ಬೆವರುತ್ತೀಯ, ಉತ್ತರ ಎಲ್ಲ ಗೊತ್ತಲ್ಲ ಎಂದು ಸಮಾಧಾನ ಮಾಡುತ್ತಿದ್ದಳು.

ನನ್ನ ಮಾರ್ಗದರ್ಶಕಿ ಡಾ. ಇತಿದಾಲ್ ಅವರನ್ನು ವಿಭಾಗದ ಮೊಗಸಾಲೆಯಲ್ಲಿ ಹಿಡಿದು ಪುಟ ತೋರಿಸಿದೆ. ಅವರ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

"ಯಾರೂ ಎತ್ತದೆ ಇದ್ರೆ ನೀನೂ ಎತ್ತಬೇಡ ಸುಲಾಫ್," ಎಂದು ಪಿಸುಗುಟ್ಟಿದರು. "ಎತ್ತಿದ್ರೆ ಟೈಪ್ ಮಾಡಿದವನ ತಪ್ಪು ಅಂದ್ಬಿಡು."

ಟೈಪ್ ಮಾಡಿದ ಅಬು ವಾಇಲ್ ಮಕ್ಕಳೊಂದಿಗ. ನಾನು ಬರೆದದ್ದನ್ನೇ ಅಕ್ಷರ ಬಿಡದೆ ಬಡಿದಿದ್ದ. ಮೇಡಂ ಮೇಲೆ ಮೈ ಉರಿಯಿತು. ಅದಕ್ಕಿಂತ ಹೆಚ್ಚು ನನ್ನ ಮೇಲೇ ಉರಿಯಿತು, ಏಕೆಂದರೆ ಆ ಉಪಾಯ ಕೇಳಿದೊಡನೆ ನನ್ನ ಎದೆ ಹಗುರಾಗಿತ್ತು.

ಸಭಾಂಗಣದ ಹಿಂದಿನ ಸಾಲಿನಲ್ಲಿ ಚರ್ಮದ ಜಾಕೀಟಿನ ಇಬ್ಬರು ಕೂತಿದ್ದರು. ಯಾರ ನೆಂಟರೂ ಅಲ್ಲ. ವಸಂತದ ಕವಿತೆ ಕೇಳಲು ಬಂದವರಂತೂ ಅಲ್ಲವೇ ಅಲ್ಲ. ವೇದಿಕೆಯ ನಡುವೆ ಡಾ. ನಸೂಹ್. ಪರೀಕ್ಷಕರಲ್ಲಿ ಹಿರಿಯರು, ವಿಭಾಗದಲ್ಲಿ ಪಕ್ಷದ ಕಣ್ಣು ಕಿವಿ ಎರಡೂ ಅವರೇ. ಅವರು ಪ್ರಬಂಧ ತೆರೆದು ಮುನ್ನುಡಿಯಿಂದಲೇ ಶುರು ಮಾಡೋಣ ಎಂದರು. ಇಂಥ ಸಾಲುಗಳನ್ನು ಜೋರಾಗಿ ಓದುವುದೆಂದರೆ ಅವರಿಗೆ ಪ್ರೀತಿ.

"ಮಾರ್ಚಿನ ಮಹಾನ್..." ಎಂದು ಓದಿ ನಿಂತುಬಿಟ್ಟರು.

ಡಾ. ಇತಿದಾಲ್ ಮೇಜನ್ನೇ ನೋಡುತ್ತಿದ್ದರು. ನಸೂಹ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನನ್ನನ್ನು ನೋಡಿದರು, ಹಿಂದಿನ ಸಾಲನ್ನೂ ನೋಡಿದರು.

"ಸೌರಾ," ಎಂದು ಓದಿ ಸಾಲು ಮುಗಿಸಿದರು. ಆಮೇಲೆ ಬುಲ್‌ಬುಲ್ ಹಕ್ಕಿಯ ಬಗ್ಗೆ ಏನೋ ಕೇಳಿದರು. ನಾನು ಏನು ಉತ್ತರಿಸಿದೆನೋ ನೆನಪಿಲ್ಲ.

ನಾನು ತೇರ್ಗಡೆಯಾದೆ. ಅಮ್ಮ ನಾಲಿಗೆ ಹೊರಳಿಸಿ ಮದುವೆಮನೆಯ ಕೇಕೆ ಹಾಕಿದಳು. ಎಲ್ಲರೂ ತಟ್ಟೆಗೆ ಮುತ್ತಿದರು. ಆ ಗದ್ದಲದಲ್ಲಿ ನಸೂಹ್ ನನ್ನನ್ನು ಕಿಟಕಿಯ ಬಳಿ ಕರೆದರು. ಪ್ರಬಂಧ ಕಂಕುಳಲ್ಲೇ ಇತ್ತು.

"ಟೈಪ್ ಮಾಡಿದವನ ತಪ್ಪಾ ಇದು?"

ಹೌದು ಎನ್ನಲು ಬಾಯಿ ತೆರೆದಿದ್ದೆ. "ಅಲ್ಲ ಡಾಕ್ಟ್ರೇ, ನಂದೇ," ಎಂದೆ. "ಪಾರಸಿ ಓದೀ ಓದೀ ಹಾಗಾಯ್ತು."

ಅವರು ಬೈಯಲಿಲ್ಲ. ನಿಜವಾಗಿ ಬೆರಗಾದವರ ಹಾಗೆ ತಲೆಯಾಡಿಸಿದರು. "ಮನೇಲಿ ಎರಡು ಸಲ ಓದಿದ್ದೆ ಮಗಳೇ. ಎರಡು ಸಲನೂ ಕಣ್ಣಿಗೆ ಬೀಳ್ಲಿಲ್ಲ. ಬಾಯಿಬಿಟ್ಟು ಓದೋವಾಗ್ಲೇ ಗೊತ್ತಾಗಿದ್ದು. ಆ ಪದ ಅಲ್ಲಿ ಅಷ್ಟು ಸರಿಯಾಗಿ ಕೂತಿತ್ತು."

ಹೇಳಿಯಾದ ಮೇಲೆ ತಾನು ಏನು ಹೇಳಿದೆ ಎಂಬುದು ಅವರಿಗೆ ಹೊಳೆಯಿತು. ಬಾಯಲ್ಲಿದ್ದ ಬಕ್ಲಾವ ಅಗಿಯುವುದು ನಿಂತಿತು. ಹತ್ತಿರದಲ್ಲಿ ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದರು.

"ನಾನೀಗ ಏನೂ ಹೇಳ್ಲಿಲ್ಲ, ಅಲ್ವಾ?" ಎಂದು ಬೇಡುವ ದನಿಯಲ್ಲಿ ಕೇಳಿದರು.

ಇಲ್ಲ ಎಂದೆ. ದೇವರಾಣೆ ಇಲ್ಲ ಎಂದೂ ಸೇರಿಸಿದೆ. ಅವರು ನಂಬಲಿಲ್ಲ. ನನ್ನನ್ನು ಕಂಡು ಹೆದರುವ ಪಕ್ಷದ ಮನುಷ್ಯನೊಬ್ಬ ಈಗ ಈ ಊರಿನಲ್ಲಿದ್ದಾನೆ. ಹೆದರಿದವನು ಮೊದಲು ಯಾರ ಬಾಯಿ ಮುಚ್ಚಿಸುತ್ತಾನೆ ಎಂದು ನನಗೆ ಗೊತ್ತು.