ಒಂಬತ್ತನೇ ಹಾರಾಟ

ಹೊಸಕೋಟೆಯಾಚೆಯ ಬಯಲಿನಲ್ಲಿ ಯಾಸಿರ್ ಪ್ಯಾರಾಮೋಟರ್ ಹಾರಿಸುತ್ತಿದ್ದ. ಬೆನ್ನಿಗೆ ಮೋಟರು, ತಲೆಯ ಮೇಲೆ ಬಟ್ಟೆಯ ರೆಕ್ಕೆ, ಮುಂದೆ ಬೆಲ್ಟುಗಳಲ್ಲಿ ಬಿಗಿದ ಒಬ್ಬ ಗಿರಾಕಿ. ಇಬ್ಬರೂ ಒಟ್ಟಿಗೆ ಓಡಿ ನೆಲ ಬಿಡಬೇಕು, ಹತ್ತು ನಿಮಿಷ ಸುತ್ತಿ ಇಳಿಯಬೇಕು. ಕಂಪನಿ ಅವನ ಗೆಳೆಯ ಕೆ.ಆರ್. ಪುರದ ಸುನೀಲನದು.

ಶುರುವಿನಲ್ಲಿ ಸುನೀಲನೇ ಮುತುವರ್ಜಿಯಿಂದ ನಿಯಮಗಳನ್ನು ಟೈಪ್ ಮಾಡಿಸಿ ಶೆಡ್ಡಿನ ಗೋಡೆಗೆ ಅಂಟಿಸಿದ್ದ. ಒಬ್ಬ ಪೈಲಟ್ ದಿನಕ್ಕೆ ಆರೇ ಹಾರಾಟ. ಪ್ರತಿ ಬಕಲನ್ನೂ ಪೈಲಟ್ ಒಮ್ಮೆ, ನೆಲದ ಮೇಲಿನವರು ಇನ್ನೊಮ್ಮೆ ಮುಟ್ಟಿ ನೋಡಬೇಕು. ಎರಡು ತಿಂಗಳ ಹಿಂದೆ ಇನ್ನೊಬ್ಬ ಪೈಲಟ್ ಕೆಲಸ ಬಿಟ್ಟ. ಬಕಲ್ ನೋಡುತ್ತಿದ್ದ ಅಂಜನಮೂರ್ತಿಯೂ ಅವನ ಹಿಂದೆಯೇ ಹೋದ. ಅಂದಿನಿಂದ ಯಾಸಿರನಿಗೆ ರಜೆಯಿಲ್ಲ. ಚೆಕ್‌ಲಿಸ್ಟಿನ ಪೈಲಟ್‌ನದೂ ನೆಲದ ಮೇಲಿನವರದೂ ಎರಡೂ ಸಹಿಗಳನ್ನು ಅವನೇ ಹಾಕುತ್ತಿದ್ದ. ಬೆಳಗಿನ ನಾಲ್ಕಕ್ಕೆ ಶಿವಾಜಿನಗರದ ಮನೆ ಬಿಡುವಾಗ ಹೆಂಡತಿ ಮೆಹ್ವಿಶ್ ಏನಾದರೂ ಹೇಳಿದರೆ ಅದು ಹಲಸೂರು ದಾಟಿದ ಮೇಲೆ ಅವನ ತಲೆಗೆ ಹೋಗುತ್ತಿತ್ತು.

ಆ ಭಾನುವಾರ ಒಂಬತ್ತೂವರೆಗೆ ಎಂಟು ಹಾರಾಟ ಮುಗಿದಿತ್ತು. ಒಂಬತ್ತನೆಯವರು ಲಿಂಗರಾಜಪುರದ ಧನಲಕ್ಷ್ಮಿ, ಅರವತ್ತರ ಹೆಂಗಸು. ಹಿಂದೊಮ್ಮೆ ಗಾಳಿ ಜೋರಾಗಿದ್ದರಿಂದ ಹಾರದೆ ವಾಪಸಾಗಿದ್ದವರು.

"ಗಾಳಿ ಏಳೋಕೆ ಮುಂಚೆ ಇವ್ರದ್ದು ಮುಗಿಸ್ಬಿಡು ಮಗಾ, ಇನ್ನೂ ಮೂರು ಜನ ಇದಾರೆ," ಎಂದ ಸುನೀಲ್.

ಯಾಸಿರ್ ಹೆಲ್ಮೆಟ್ ಹಾಕಿಸಿದ, ಎದೆಯ ಬೆಲ್ಟು ಬಿಗಿದ, ಹಾಳೆಯಲ್ಲಿ ಟಿಕ್ ಹಾಕಿದ. ಮೋಟರ್ ಗರ್ಜಿಸಿತು, ರೆಕ್ಕೆ ಎದ್ದು ನೆತ್ತಿಯ ಮೇಲೆ ನಿಂತಿತು. "ಓಡಿ ಅಮ್ಮಾ, ನಿಲ್ಲಿಸ್ಬೇಡಿ!" ಎಂದು ಕೂಗಿದ. ಆರನೆಯದೋ ಏಳನೆಯದೋ ಹೆಜ್ಜೆಗೆ ಅವನ ಮೊಣಕಾಲಿಗೆ ಏನೋ ತಗುಲಿತು. ಕೆಳಗೆ ನೋಡಿದ. ಧನಲಕ್ಷ್ಮಿಯ ತೊಡೆಯ ಬೆಲ್ಟು ಸಡಿಲವಾಗಿ ಜೋತಾಡುತ್ತಿತ್ತು. ಎರಡು ಕಾಲಿನವೂ. ಬಕಲ್ ಹಾಕಿಯೇ ಇರಲಿಲ್ಲ.

ಕೂಡಲೇ ಮೋಟರ್ ಆರಿಸಿ ಬ್ರೇಕಿನ ಹಗ್ಗಗಳನ್ನು ಎಳೆದ. ರೆಕ್ಕೆ ಹಿಂದಕ್ಕೆ ಕುಸಿಯಿತು. ಇಬ್ಬರೂ ಮುಗ್ಗರಿಸಿ ಬಿದ್ದರು. ಇನ್ನು ನಾಲ್ಕು ಹೆಜ್ಜೆ ಓಡಿದ್ದರೆ ಕಾಲು ನೆಲ ಬಿಡುತ್ತಿತ್ತು. ಮೇಲೆ ಆಕೆ ಬೆಲ್ಟಿನೊಳಗಿಂದ ಜಾರಿಬಿಡುತ್ತಿದ್ದರು.

ಸುನೀಲ್ ಓಡಿ ಬಂದ. ಧನಲಕ್ಷ್ಮಿಯ ಮೊಣಕೈ ತರಚಿತ್ತು. "ನಾನೇ ಎಡವಿಬಿಟ್ಟೆ ಅನ್ಸುತ್ತೆ. ಸಾರಿ ಕಣಪ್ಪಾ," ಎಂದರು ಆಕೆ.

"ಪರವಾಗಿಲ್ಲ ಮೇಡಂ, ಆಗುತ್ತೆ. ಇನ್ನೊಂದ್ಸಲ ಟ್ರೈ ಮಾಡೋಣ," ಎಂದ ಸುನೀಲ್.

ಯಾಸಿರ್ ನೆಲದ ಮೇಲೆಯೇ ಕುಳಿತಿದ್ದ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಹೆದರುವುದಕ್ಕೂ ತನ್ನಲ್ಲಿ ಶಕ್ತಿ ಉಳಿದಿಲ್ಲವೆಂದು ಅವನಿಗೆ ಅರಿವಾಯಿತು.

"ನೀವು ಎಡವಲಿಲ್ಲ ಅಮ್ಮಾ," ಎಂದ. "ಕಾಲಿನ ಬೆಲ್ಟು ನಾನು ಹಾಕೇ ಇಲ್ಲ. ಹಾಕ್ದೆ ಅಂತ ಟಿಕ್ ಮಾಡಿದೀನಿ. ಮೇಲೆ ಹೋಗಿದ್ರೆ ನೀವು ಬಿದ್ದುಹೋಗ್ತಿದ್ರಿ."

ಧನಲಕ್ಷ್ಮಿ ಜೋತಾಡುತ್ತಿದ್ದ ಬೆಲ್ಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

ಸುನೀಲ್ ಅವನನ್ನು ಶೆಡ್ಡಿಗೆ ಎಳೆದೊಯ್ದ. "ತಲೆ ಕೆಟ್ಟಿದ್ಯಾ ನಿಂಗೆ? ಏನೂ ಆಗಿಲ್ವಲ್ಲ!"

"ಇವತ್ತು ಆಗಿಲ್ಲ." ಯಾಸಿರ್ ಅವಘಡಗಳನ್ನು ದಾಖಲಿಸಲು ಇಟ್ಟಿದ್ದ ಪುಸ್ತಕ ತೆಗೆದು ನಡೆದದ್ದನ್ನು ನಡೆದಂತೆ ಬರೆದ. ಅದರಲ್ಲಿ ಅದೇ ಮೊದಲ ಬರಹ. "ನಾನಿನ್ನು ಹಾರಲ್ಲ ಗುರು. ಉಳಿದೋರ್ನ ವಾಪಸ್ ಕಳ್ಸು."

ಸುನೀಲ್ ಬಾಗಿಲನ್ನು ದಡಾರನೆ ತಳ್ಳಿ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಧನಲಕ್ಷ್ಮಿ ಒಳಗೆ ಬಂದು ಎದುರಿನ ಬೆಂಚಿನ ಮೇಲೆ ಕುಳಿತರು. ಬೈಯುತ್ತಾರೆಂದು ಯಾಸಿರ್ ಕಾದ.

"ಗಾರ್ಮೆಂಟ್ಸಲ್ಲಿ ಇಪ್ಪತ್ತೆರಡು ವರ್ಷ ಚೆಕಿಂಗ್ ಮಾಡ್ದೋಳು ನಾನು," ಎಂದರು. "ಓವರ್‌ಟೈಮ್‌ನ ಕೊನೇ ಗಂಟೇಲಿ ಕಣ್ಣು ಬಟ್ಟೆ ಮೇಲೇ ಇರುತ್ತೆ, ಏನೂ ಕಾಣ್ಸಲ್ಲ. ಒಂದ್ಸಲ ಮಗೂ ಫ್ರಾಕಲ್ಲಿ ಮುರಿದ ಸೂಜಿ ಬಿಟ್ಬಿಟ್ಟಿದ್ದೆ. ಪ್ಯಾಕಿಂಗಲ್ಲಿ ಸಿಕ್ತು. ಯಾರು ಅಂತ ಕೇಳ್ದಾಗ ಪಕ್ಕದೋಳ್ನ ತೋರಿಸ್ದೆ. ಪೀರಮ್ಮ ಅಂತ. ಅವಳ ಕೆಲ್ಸ ಹೋಯ್ತು." ತರಚಿದ ಮೊಣಕೈ ಒರೆಸಿಕೊಂಡು, "ನಿನ್ ಮೇಲೆ ಸಿಟ್ಟು ಬಂದಿದೆಯಪ್ಪಾ. ಸುಳ್ಳು ಹೇಳಲ್ಲ. ಆದ್ರೆ ನೀನು ಹೇಳ್ದೆ," ಎಂದರು.

ಅಷ್ಟು ದಣಿದಿದ್ದ ಯಾಸಿರನನ್ನು ಬೈಕಿನಲ್ಲಿ ಮನೆಗೆ ಹೋಗಲು ಆಕೆ ಬಿಡಲಿಲ್ಲ. ಇಬ್ಬರೂ ಬಸ್ ಹತ್ತಿದರು. ಸೀಟಿಗೆ ಒರಗಿದ್ದೇ ಯಾಸಿರ್ ನಿದ್ದೆಹೋದ. ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತದ್ದು ಅವನಿಗೆ ತಿಳಿಯಲೇ ಇಲ್ಲ.

ಹನ್ನೊಂದು ದಿನ ಸುನೀಲ್ ಫೋನ್ ಮಾಡಲಿಲ್ಲ. ಯಾಸಿರ್ ರಸೆಲ್ ಮಾರುಕಟ್ಟೆಯ ಅಣ್ಣನ ಹಣ್ಣಿನಂಗಡಿಯಲ್ಲಿ ಕೂತ, ಮಿಕ್ಕ ಹೊತ್ತು ಮಲಗಿದ. ಹನ್ನೆರಡನೆಯ ದಿನ ಸುನೀಲನೇ ಅಂಗಡಿಗೆ ಬಂದ. ಮುಖ ಇಳಿದಿತ್ತು.

"ಆ ಪುಸ್ತಕದಲ್ಲಿ ನೀನ್ ಬರ್ದಿದ್ದನ್ನ ನಾಕ್ ಸಲ ಓದ್ದೆ ಕಣೋ," ಎಂದ. "ಅಂಜನಮೂರ್ತಿ ಕೈಕಾಲು ಹಿಡಿದು ವಾಪಸ್ ಕರೆಸ್ದೆ. ಪೈಲಟ್ ಇನ್ನೊಬ್ಬ ಸಿಗೋವರೆಗೂ ಶನಿವಾರ ಆರು, ಭಾನುವಾರ ಆರು. ಅಷ್ಟೇ. ಬರ್ತೀಯಾ?"

ಯಾಸಿರ್ ಸಪೋಟಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದ.

"ಬರ್ತೀನಿ," ಎಂದ. "ಈ ವಾರ ಬೇಡ. ಇನ್ನೂ ಸುಸ್ತು ಹೋಗಿಲ್ಲ."

ಸುನೀಲ್ ತಲೆಯಾಡಿಸಿ, ಪಕ್ಕದ ಸ್ಟೂಲ್ ಎಳೆದುಕೊಂಡು ಕುಳಿತ.